ತಪ್ಪು ಉತ್ತರಕ್ಕೂ 5 ನಿಮಿಷ ಇರಲಿ

ದತ್ತಾಂಶ ಹಲವು ಸರ್ವರ್‌ಗಳಲ್ಲಿ ಹಂಚಿಹೋಗಿದ್ದರೆ ಮೊದಲ 5 ದಾಖಲೆಗಳನ್ನು ಹುಡುಕುವುದು ಹೇಗೆ? ಬೋಧನಾಭ್ಯಾಸದಲ್ಲಿ ಇದನ್ನು ಕಲಿಸಲು 3 ಗುಂಪುಗಳಿಗೆ ಸಂಖ್ಯೆ ಬರೆದ ಚೀಟಿಗಳನ್ನು ಹಂಚಿದೆ.

‘ಒಟ್ಟಾರೆ ಅತಿ ದೊಡ್ಡ 5 ಸಂಖ್ಯೆ ಬೇಕು. ಪ್ರತಿ ಗುಂಪು ಎಷ್ಟು ಚೀಟಿ ಕಳಿಸಬೇಕು?’

‘ಎರಡೆರಡು ಸಾಕು ಸರ್.’

ತೆರೆದು ನೋಡಿದರೆ ಆ ಐದೂ ಒಂದೇ ಗುಂಪಿನಲ್ಲಿದ್ದವು! ಆಗ ಮಕ್ಕಳೇ ಸರಿಪಡಿಸಿದರು: ಪ್ರತಿ ಗುಂಪೂ ತನ್ನ ದೊಡ್ಡ ಐದನ್ನು ಇಳಿಕೆ ಕ್ರಮದಲ್ಲಿ ಕಳಿಸಬೇಕು, ಬಂದ 15ರಲ್ಲಿ 5 ಆರಿಸಬೇಕು. ಅದರ ಮುಂದಿನ ಐದು ಬೇಕಾದರೆ ಹತ್ತತ್ತು ಕಳಿಸಬೇಕು. ಪುಟ ಮುಂದೆ ಹೋದಷ್ಟೂ ಹೊರೆ ಹೆಚ್ಚುತ್ತದೆಂದು ಅವರಿಗೇ ಹೊಳೆಯಿತು.

ವೀಕ್ಷಣಾ ಹಾಳೆಯಲ್ಲಿ ಮಾತ್ರ ‘ಸಮಯಪಾಲನೆ ಇಲ್ಲ’ ಎಂದು ಬಂತು. ಆ ಮಾತು ನಿಜ. ಆದರೆ ಸೂತ್ರವನ್ನು ಮೊದಲೇ ಹೇಳಿಬಿಟ್ಟಿದ್ದರೆ ಸಮಯ ಉಳಿಯುತ್ತಿತ್ತು, ‘ಏಕೆ’ ಎಂಬ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಪಾಠಯೋಜನೆಯಲ್ಲಿ ಮಕ್ಕಳ ತಪ್ಪು ಉತ್ತರಕ್ಕೂ ಒಂದು ಕಾಲಂ ಇರಬೇಕು.