ಬಡಿಗೇರರ ನಕ್ಷೆ ಯಾರ ಸ್ವತ್ತು?

ತಲೆಬಾಗಿಲಿಗೆ ಕೆತ್ತನೆ ಮಾಡಿಸುವ ಗೃಹಸ್ಥರಿಗೆ ಈಗ ಉಳಿಯ ಸಪ್ಪಳವು ಕೇಳಿಸುವದು ಅಪರೂಪವಾಗಿದೆ. ಗಣಕಯಂತ್ರದ ಆಜ್ಞೆಯಂತೆ ಚಲಿಸುವ ಸಿ.ಎನ್.ಸಿ. ಎಂಬ ಕೊರೆಯುವ ಯಂತ್ರವು ನಮ್ಮ ಪಟ್ಟಣಗಳಲ್ಲಿ ನೆಲೆಯೂರಿ, ಬಡಿಗೇರನ ಹಲವು ದಿನಗಳ ಕೆಲಸವನ್ನು ಕೆಲವು ತಾಸುಗಳಲ್ಲಿ ಮುಗಿಸುತ್ತಿರುವದು. ಇದನ್ನು ನಾವು ಹಳಿಯುವವರಲ್ಲ. ಬಂದ ಯಂತ್ರವು ಮರಳಿ ಹೋಗಲಾರದು. ಆದರೆ ಅದಕ್ಕೆ ಉಣಿಸುವ ನಕ್ಷೆಯು ಯಾರ ಕೈಯಿಂದ ಬಂದುದು, ಕೊರೆದಾದ ಮೇಲೆ ಯಾರ ಬಳಿ ಉಳಿಯುವದು ಎಂಬ ಪ್ರಶ್ನೆಗೆ ನಮ್ಮ ಜನರಾಗಲಿ ಅಧಿಕಾರಿವರ್ಗದವರಾಗಲಿ ಸಾಕಷ್ಟು ಲಕ್ಷ್ಯ ಕೊಟ್ಟಂತೆ ಕಾಣುವದಿಲ್ಲ.

ನೇಕಾರರಿಗೆ ಈ ತೊಡಕು ಇಷ್ಟಿಲ್ಲ. ಜಕಾರ್ಡ ಮಗ್ಗಕ್ಕೆ ನಕ್ಷೆ ಬರೆಯುವವನು ಚೌಕುಳಿ ಕಾಗದದ ಮೇಲೆ ಎಳೆಯ ಲೆಕ್ಕದಿಂದ ಬರೆಯುತ್ತಾನೆ. ಇಳಕಲ್ಲ ಸೀರೆಯ ಮೇಲಿನ ಕಸೂತಿಯೂ ಎಳೆ ಎಣಿಸಿ ಹಾಕುವಂಥದೇ. ಎಣಿಕೆಗೆ ಒಳಪಟ್ಟದ್ದು ಯಂತ್ರಕ್ಕೆ ಬೇಗನೆ ತಿಳಿಯುವದು. ಬಡಿಗೇರನ ನಕ್ಷೆಯು ಹಾಗಲ್ಲ. 7 ಫೂಟು ಎತ್ತರ, 3½ ಫೂಟು ಅಗಲದ ಬಾಗಿಲಿಗೆ ಆತನು ಅಷ್ಟೇ ದೊಡ್ಡ ಕಾಗದವನ್ನು ಅಂಟಿಸಿ, ನೆಲಕ್ಕೆ ಹಾಸಿ, ಬಳ್ಳಿ ಹಂಸ ಗಿಳಿಗಳನ್ನು ಕೈಯಿಂದಲೇ ಬರೆಯುವನು. ಅದರಲ್ಲಿ ಚೌಕವಿಲ್ಲ, ಅಂಕಿಯಿಲ್ಲ. ಎಲ್ಲಿ ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಆತನ ತಲೆಯಲ್ಲಿ ಮಾತ್ರವೇ ಇರುವದು.

ಇಂಥ ಕಾಗದವನ್ನು ಗಣಕಕ್ಕೆ ಏರಿಸುವದು ತೋರುವಷ್ಟು ಸುಲಭವಲ್ಲ. ಕಚೇರಿಗಳಲ್ಲಿರುವ ಸ್ಕ್ಯಾನರು 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದದ ಹಾಳೆಯನ್ನು ಹಿಡಿಯುವಂಥದು. ಅದರಲ್ಲಿ ಈ ನಕ್ಷೆಯನ್ನು 40ಕ್ಕೂ ಹೆಚ್ಚು ತುಂಡುಗಳಾಗಿ ತೆಗೆದು ಜೋಡಿಸಬೇಕು. ಒಂದೊಂದು ಜೋಡಣೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೊನೆಗೆ ಬಾಗಿಲು ಚೌಕಟ್ಟಿಗೆ ಕೂಡ್ರದು. ಮೊಬೈಲಿನಿಂದ ಓರೆಯಾಗಿ ಚಿತ್ರ ತೆಗೆದರೆ ಹತ್ತಿರದ ಅಂಚು ಹಿಗ್ಗಿ ದೂರದ ಅಂಚು ಕುಗ್ಗುವದು. ಆದುದರಿಂದ ಕಾಗದವನ್ನು ಸಮವಾಗಿ ಹಾಸಿ, ಉಕ್ಕಿನ ಪಟ್ಟಿಯಿಂದ ನಾಲ್ಕು ಮೂಲೆಗಳಲ್ಲಿ ಗೊತ್ತಾದ ಅಳತೆಯ ಗುರುತು ಮಾಡಿ, ದೂರದಿಂದ ನೆಟ್ಟಗೆ ಚಿತ್ರ ತೆಗೆದು, ಗಣಕದಲ್ಲಿ ಆ ಗುರುತುಗಳು ಅಳತೆಗೆ ಕೂಡುವಂತೆ ತಿದ್ದತಕ್ಕದ್ದು. ಬಳಿಕ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳು ಸಮನಾಗಿರುವವೋ ಎಂದು ನೋಡಬೇಕು. ಚೌಕಟ್ಟಿಗೆ ದಾರ ಹಿಡಿದು ಇದನ್ನೇ ನೋಡುವ ಬಡಿಗೇರನಿಗೆ ಈ ಪಾಠವನ್ನು ಯಾರೂ ಕಲಿಸಬೇಕಾಗಿಲ್ಲ!

ಮುಂದೆ ರೇಖೆ ಎಳೆಯುವ ಕೆಲಸ. ಇದನ್ನು ಗಣಕಕ್ಕೇ ಒಪ್ಪಿಸಿದರೆ ಅದು ಪೆನ್ಸಿಲಿನ ಒಂದು ಗೆರೆಗೆ ಎರಡು ಅಂಚುಗಳನ್ನು ಕಂಡು ಎರಡು ರೇಖೆ ಎಳೆಯುವದು, ಸಾವಿರಾರು ಚುಕ್ಕೆಗಳನ್ನು ಇಡುವದು. ಕೊರೆಯುವ ಮೊನೆಯು ಬಳ್ಳಿಯ ಮೇಲೆ ತಡವರಿಸುತ್ತ ಸಾಗುವದು. ತಿಳಿದವನು ಕೆಲವೇ ಚುಕ್ಕೆಗಳಿಂದ ಇಡಿಯ ಬಳ್ಳಿಯನ್ನು ಬಾಗಿಸುವನು. 6 ಮಿ.ಮೀ. ದಪ್ಪದ ನೇರ ಮೊನೆಯು ಒಳಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡನ್ನು ಬಿಟ್ಟೇ ಬಿಡುವದು. ಅಲ್ಲಿ ಪುನಃ ಉಳಿಯೇ ಬೇಕು. ಅರ್ಧ ನಕ್ಷೆಯನ್ನು ಎಳೆದು ಕನ್ನಡಿಯಂತೆ ತಿರುಗಿಸಿ ಇನ್ನರ್ಧವನ್ನು ಮಾಡಿಬಿಡುವ ಸೌಲಭ್ಯವನ್ನಂತೂ ಎಲ್ಲರೂ ಹೊಗಳುವರು. ನಮಗದು ಅಷ್ಟು ರುಚಿಸದು. ಕೈಯಿಂದ ಬರೆದ ಎಡದ ಗಿಳಿಗೂ ಬಲದ ಗಿಳಿಗೂ ಕೊರಳಿನ ಬಾಗಿನಲ್ಲಿ ತುಸು ಅಂತರವಿರುವದು. ಆ ಅಂತರವು ಅಳಿದರೆ ಎರಡೂ ಮಣ್ಣಿನ ಅಚ್ಚಿನಿಂದ ಬಿದ್ದ ಗೊಂಬೆಗಳಾಗುವವು.

ಇಷ್ಟೆಲ್ಲ ಆದ ಮೇಲೆ ಗಣಕದ ಪ್ರತಿಯು ಅಂಗಡಿಯಲ್ಲಿ ಉಳಿಯುವದು, ಬಡಿಗೇರನು ಕೂಲಿ ಪಡೆದು ಹೋಗುವನು. ಅದೇ ಬಳ್ಳಿಯು ಬೇರೆ ಊರಿನ ಬಾಗಿಲಿನ ಮೇಲೆ ಅರಳಿದಾಗ ಆತನಿಗೆ ಕಾಸೂ ಇಲ್ಲ, ಹೆಸರೂ ಇಲ್ಲ. ಕಾಯದೆಯೂ ಅರಿಯದವನಿಗೆ ಒದಗದು. 2000ದ ಡಿಸೈನ್ಸ್ ಕಾಯದೆಯಂತೆ ನೋಂದಾಯಿಸಿದ ಹೊಸ ವಿನ್ಯಾಸಕ್ಕೆ 10 ವರ್ಷ, ಮತ್ತೆ ಕೋರಿದರೆ ಇನ್ನೂ 5 ವರ್ಷ ರಕ್ಷಣೆಯುಂಟು. ಮೊದಲೇ ಬಹಿರಂಗವಾದದ್ದಕ್ಕೆ ಅದಿಲ್ಲ. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಒಡೆಯನೇ ಆಗಲಿ ಆತನ ಅನುಮತಿ ಪಡೆದವನಾಗಲಿ ಔದ್ಯೋಗಿಕ ರೀತಿಯಿಂದ 50ಕ್ಕಿಂತ ಹೆಚ್ಚು ಸಲ ವಸ್ತುಗಳ ಮೇಲೆ ಮೂಡಿಸಿದೊಡನೆ, 1957ರ ಕೃತಿಸ್ವಾಮ್ಯ ಕಾಯದೆಯ 15ನೆಯ ಕಲಮಿನಂತೆ ಆ ಸ್ವಾಮ್ಯವು ಹೋಗುವದು. ಕೈಕೆಲಸದವನಿಗೆ 50 ಎಂದರೆ ವರ್ಷಗಳ ಮಾತು, ಯಂತ್ರಕ್ಕೆ ಅದೆಷ್ಟರದು? 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಬಡಿಗೇರರನ್ನೂ ಒಳಗೊಂಡು ಉಪಕರಣಗಳಿಗೆ 15,000 ರೂಪಾಯಿಗಳ ನೆರವನ್ನು ಇಟ್ಟಿತು. ಒಳ್ಳೆಯದೇ. ಆದರೆ ಉಪಕರಣವನ್ನು ಅಂಗಡಿಯಲ್ಲಿ ಕೊಳ್ಳಬಹುದು, ನಕ್ಷೆಯನ್ನು ಕೊಳ್ಳಲಾಗದು.

ಈ ಕಾರ್ಯಕ್ಕೆ ಬಾಗಲಕೋಟೆಯ ವಿದ್ಯಾಗಿರಿಗಿಂತ ತಕ್ಕ ಸ್ಥಳವು ನಮಗೆ ತೋರುವದಿಲ್ಲ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಇಂಜಿನಿಯರಿಂಗ್ ಮಹಾವಿದ್ಯಾಲಯವು 1963ರಿಂದ ನಡೆದುಬಂದಿದೆ. ವಾರಕ್ಕೊಂದು ದಿನ ಬಡಿಗೇರರಿಗಾಗಿ ಬಾಗಿಲು ತೆರೆದು, ವಿದ್ಯಾರ್ಥಿಗಳನ್ನು ಅವರ ಪಕ್ಕದಲ್ಲಿ ಕೂಡ್ರಿಸಿ ನಕ್ಷೆ ಏರಿಸುವದು ಇಂಥ ಸಂಸ್ಥೆಗೆ ಭಾರವಾಗದು. ಜಿಲ್ಲಾ ಕೈಗಾರಿಕಾ ಕೇಂದ್ರದವರು ಅಲ್ಲಿಯೇ ನೋಂದಣಿಯ ಅರ್ಜಿಯನ್ನು ಬರೆಸಿಕೊಡಲಿ. ಹೊಸ ನಕ್ಷೆಯನ್ನು ಅಂಗಡಿಗೆ ಒಯ್ಯುವ ಮುಂಚೆಯೇ ಇದಾಗಬೇಕು.

ಹಳೆಯ ಕೆತ್ತನೆಗಳ ವಿಷಯದಲ್ಲಿ ತಡಮಾಡುವಂತಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಈಗಾಗಲೇ ಸಂದಿವೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿತು. ಏರಿಸಿದಲ್ಲಿ ಇನ್ನೂ ಹಲವು ಊರುಗಳು ಮುಳುಗತಕ್ಕವು. ಅಲ್ಲಿಯ ಮನೆಗಳ ಬಾಗಿಲು ಕಂಬಗಳ ಮೇಲೆ ಕಾಗದವಿಟ್ಟು, ಸೀಸದಿಂದ ತಿಕ್ಕಿ ನಿಜ ಅಳತೆಯ ಪಡಿಯಚ್ಚು ತೆಗೆದು, ಅವನ್ನೂ ಇದೇ ರೀತಿ ಗಣಕಕ್ಕೆ ಏರಿಸಿ, ಊರು, ಮನೆ, ಗೊತ್ತಿದ್ದರೆ ಕೆತ್ತಿದವನ ಹೆಸರು ಇವನ್ನು ಬರೆದಿಡತಕ್ಕದ್ದು. ಅವು ಸಾರ್ವಜನಿಕರ ಸ್ವತ್ತಾಗಿ ಉಳಿಯಲಿ. ಹೊಸ ನಕ್ಷೆಗಳ ಮಾತು ಬೇರೆ: ಮೂಲ ಕಾಗದ, ಅದರ ಗಣಕಪ್ರತಿ, ಅಳತೆ ಮತ್ತು ಆಳಗಳನ್ನು ತೋರುವ ಚೀಟಿ, ಈ ಮೂರನ್ನೂ ಬಡಿಗೇರನ ಕೈಗೇ ಕೊಟ್ಟು ರಸೀದಿ ಪಡೆಯಬೇಕು.