ದ್ರಾಕ್ಷಾರಸವೂ ಮರಳಿ ಬರುವ ದಾರಿಯೂ

ಶನಿವಾರದ ಬೆಳಗ್ಗೆ ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಉತ್ತರಾಭಿಮುಖವಾಗಿ ಧಾವಿಸುವ ಕಾರುಗಳಲ್ಲಿ ವಿಮಾನ ಹಿಡಿಯುವ ಆತುರದವರು ಎಷ್ಟೋ ಮಂದಿ, ಮಂಜು ಕರಗುವುದರೊಳಗೆ ನಂದಿಬೆಟ್ಟವನ್ನೇರಬೇಕೆಂಬ ತರುಣರು ಎಷ್ಟೋ ಮಂದಿ. ಈಚಿನ ವರ್ಷಗಳಲ್ಲಿ ಇವರೊಡನೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ನಡುವಣ ದ್ರಾಕ್ಷಿತೋಟಗಳನ್ನು ಕಂಡು, ಅಲ್ಲಿಯ ವೈನನ್ನು ಸವಿದು, ಕತ್ತಲಾಗುವಷ್ಟರಲ್ಲಿ ಮನೆಗೆ ಮರಳುವ ಎಳೆಯ ದಂಪತಿಗಳ ವರ್ಗವೊಂದು ಸೇರಿಕೊಂಡಿದೆ. ಗಂಡಹೆಂಡಿರು ಜೊತೆಯಾಗಿ ಹೊರಟರೆ ಅದು ತೀರ್ಥಯಾತ್ರೆಯೋ ನೆಂಟರ ಮನೆಯ ಮದುವೆಯೋ ಆಗಿರತಕ್ಕದ್ದೆಂದು ನಂಬಿದ್ದ ಹಿಂದಿನ ತಲೆಮಾರು ಇದಕ್ಕೆ ಹುಬ್ಬುಗಂಟಿಕ್ಕುವುದು ಸಹಜ. ನಾನು ಹಾಗೆ ಮಾಡಲಾರೆ. ವಾರವೆಲ್ಲ ಬೇರೆಬೇರೆ ಕಚೇರಿಗಳಲ್ಲಿ ದುಡಿದು, ಒಬ್ಬರ ಮುಖವನ್ನೊಬ್ಬರು ಸರಿಯಾಗಿ ನೋಡಲೂ ಬಿಡುವಿಲ್ಲದ ಇಬ್ಬರು ಒಂದು ಹಗಲನ್ನು ಬಳ್ಳಿಗಳ ಸಾಲಿನಲ್ಲಿ ಕಳೆದರೆ ತಪ್ಪೇನು? ಅವರು ಹೋಗುವುದಕ್ಕೆ ನನ್ನ ತಕರಾರಿಲ್ಲ. ಮರಳಿ ಬರುವ ಬಗೆಯ ಮೇಲೆ ಇದೆ.

ಆ ಸೀಮೆಗೆ ದ್ರಾಕ್ಷಿ ಹೊಸತೇನೂ ಅಲ್ಲ. ಬಾಯಲ್ಲಿಟ್ಟೊಡನೆ ಸಿಪ್ಪೆಯನ್ನು ಬಿಟ್ಟು ತಿರುಳು ಜಾರಿ ಬರುವ, ಹುಳಿಸಿಹಿ ಬೆರೆತ, ಘಮವೇ ಮುಂದಾದ ‘ಬೆಂಗಳೂರು ನೀಲಿ’ಯನ್ನು ಇಲ್ಲಿಯ ರೈತರು ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ತಲೆಯೆತ್ತರದ ಚಪ್ಪರದ ಮೇಲೆ ಹಬ್ಬಿಸಿ ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ, ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೆ ಆ ಹಣ್ಣು ಜ್ಯೂಸಿಗೆ, ಜಾಮಿಗೆ, ಅಗ್ಗದ ಸಿಹಿ ಪೋರ್ಟ್ ವೈನಿಗೆ ಸಲ್ಲುವುದೇ ಹೊರತು ರಸಜ್ಞರು ಬಯಸುವ ವೈನಿಗೆ ಒದಗುವುದು ಕಡಿಮೆ. ಅಂಥ ವೈನಿಗೆ ಬೇಕಾದ ಫ್ರಾನ್ಸಿನ ತಳಿಗಳನ್ನು ಕನ್ವಲ್ ಗ್ರೋವರ್ ಎಂಬ ಉದ್ಯಮಿ 1988ರಲ್ಲಿ ನಂದಿಯ ತಪ್ಪಲಿನಲ್ಲಿ ನೆಡಿಸಿದರು. 1992ರಲ್ಲಿ ಅವರ ಮೊದಲ ವೈನ್ ಹೊರಬಂದಿತು. ಮುಂದೆ ಬೋರ್ಡೋದ ಪ್ರಖ್ಯಾತ ತಜ್ಞ ಮಿಶೆಲ್ ರೋಲಾಂ ಅವರ ಸಲಹೆಯೂ ಆ ತೋಟಕ್ಕೆ ದೊರೆಯಿತು. ರಾಜ್ಯ ಸರಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ಅದರ ಅನುಷ್ಠಾನಕ್ಕೆಂದು ಮಂಡಳಿಯೊಂದನ್ನು ರಚಿಸಿತು. ಅಂದಮೇಲೆ ಈ ಪ್ರವಾಸವು ಸರಕಾರದ ಕಣ್ಣು ತಪ್ಪಿಸಿ ನಡೆಯುತ್ತಿರುವ ವಿಲಾಸವಲ್ಲ, ಸರಕಾರವೇ ಕೈಹಿಡಿದು ಬೆಳೆಸಿದ ವ್ಯವಹಾರ.

ಹೋಗತಕ್ಕವರು ಗೊಂಚಲು ಮಾಗುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೋಗುವುದು ಲೇಸು. ಚಳಿದೇಶಗಳಲ್ಲಿ ಹಿಮಕಾಲ ಬಂದೊಡನೆ ಬಳ್ಳಿಯು ಎಲೆಯುದುರಿಸಿ ನಿದ್ರೆಹೋಗುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ರೆಯೆಂಬುದಿಲ್ಲವಾದ್ದರಿಂದ, ಕೊಯ್ಲು ಮುಗಿದ ಮೇಲೆ ಬೇಸಗೆಯಲ್ಲೊಮ್ಮೆ ಕೊಂಬೆಗಳನ್ನು ಮೋಟು ಮಾಡಿ, ಮಳೆಗಾಲದಲ್ಲಿ ಹಬ್ಬಿದ ಬಳ್ಳಿಯನ್ನು ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಮತ್ತೊಮ್ಮೆ ಸವರಿದರೇನೇ ಹೂವೂ ಕಾಯಿಯೂ ಕಾಣಿಸಿಕೊಳ್ಳುವುದು. ಎಲೆಗಳ ಮೇಲೆ ಅಲ್ಲಲ್ಲಿ ತಿಳಿನೀಲಿಯ ಕಲೆಯೇನಾದರೂ ಕಂಡರೆ ಮಲೆನಾಡಿನ ಓದುಗರು ಅದನ್ನು ತಟ್ಟನೆ ಗುರುತಿಸಿಯಾರು: ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವದು. ದ್ರಾಕ್ಷಿಯ ಬೂಜುರೋಗಕ್ಕೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಹುಟ್ಟಿದ ಈ ಮದ್ದನ್ನು ನಮ್ಮ ಅಡಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ತೋರಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ವೈನಿನ ಹನಿಯನ್ನೂ ಮುಟ್ಟದ ತೀರ್ಥಹಳ್ಳಿ, ಶಿರಸಿಗಳ ಎಷ್ಟೋ ಮನೆತನಗಳು ಆ ವೈನ್ ನಾಡಿಗೆ ಇಷ್ಟರಮಟ್ಟಿಗೆ ಋಣಿಗಳಾಗಿವೆ.

ಬಳ್ಳಿಯನ್ನೂ ಪೀಪಾಯಿಗಳನ್ನೂ ನೋಡಿಯಾದ ಮೇಲೆ ರುಚಿ ನೋಡುವ ಕೊಠಡಿ. ಮೇಜಿನ ಮೇಲೆ ಐದು ಬಗೆಯ ವೈನ್, ಒಂದು ತಟ್ಟೆಯಲ್ಲಿ ಚೀಸಿನ ತುಣುಕು, ಪಕ್ಕದಲ್ಲೊಂದು ಉಗುಳುಪಾತ್ರೆ. ವೃತ್ತಿಯಿಂದ ರುಚಿ ನೋಡುವವರು ಬಟ್ಟಲನ್ನು ಅಲುಗಿಸಿ, ಮೂಸಿ, ಬಾಯಿ ತುಂಬ ಆಡಿಸಿ, ಆ ಪಾತ್ರೆಗೆ ಉಗುಳಿಬಿಡುತ್ತಾರೆ. ನಮ್ಮ ಪ್ರವಾಸಿಗರಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಕಾಸು ಕೊಟ್ಟದ್ದನ್ನು ಉಗುಳುವುದು ನಮ್ಮ ಜಾಯಮಾನಕ್ಕೆ ಒಗ್ಗದು. “ರೀ, ಸಾಕು, ಗಾಡಿ ಓಡಿಸಬೇಕಲ್ಲ” ಎಂದು ಹೆಂಡತಿ ಮೆಲ್ಲಗೆ ಎಚ್ಚರಿಸಿದರೆ, “ಇದು ವೈನ್ ಕಣೇ, ವಿಸ್ಕಿ ಅಲ್ಲ” ಎಂದು ಗಂಡ ನಕ್ಕು ನಾಲ್ಕನೆಯ ಬಟ್ಟಲಿಗೆ ಕೈಚಾಚುತ್ತಾನೆ.

ಆ ನಗೆಯ ಹಿಂದಿರುವ ಲೆಕ್ಕ ತಪ್ಪು. ವೈನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 12ರಿಂದ 14ರಷ್ಟು ಮದ್ಯಸಾರವಿರುತ್ತದೆ. ಬಟ್ಟಲೊಂದಕ್ಕೆ 50 ಮಿಲಿಲೀಟರಿನಂತೆ ಐದನ್ನು ನುಂಗಿದರೆ ಕಾಲು ಲೀಟರಾಯಿತು. ಸಾಧಾರಣ ಮೈಕಟ್ಟಿನವನೊಬ್ಬನು ಅದನ್ನು ಅರ್ಧಗಂಟೆಯಲ್ಲಿ ಮುಗಿಸಿ ಎದ್ದು ಹೊರಟರೆ ಕಾನೂನಿನ ಮಿತಿಯನ್ನು ದಾಟಿರುತ್ತಾನೆಂದೇ ತಿಳಿಯಬೇಕು. ಮೋಟಾರು ವಾಹನ ಕಾಯಿದೆಯ 185ನೆಯ ಪ್ರಕರಣವು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗೆ ಮೀರಿದ ಮದ್ಯಸಾರವನ್ನು ಒಪ್ಪುವುದಿಲ್ಲ. ಮೊದಲ ಅಪರಾಧಕ್ಕೇ ಆರು ತಿಂಗಳವರೆಗಿನ ಸೆರೆಮನೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ದಂಡದ ಮಾತು ಹಾಗಿರಲಿ. ಸಂಜೆಯ ಹೊತ್ತಿನಲ್ಲಿ ದೊಡ್ಡಬಳ್ಳಾಪುರದ ಕಡೆಯ ರಸ್ತೆಗಳಲ್ಲಿ ಮೇವಿನ ಹೊರೆ ಹೊತ್ತ ಹೆಂಗಸರು, ಡೇರಿಗೆ ಹಾಲಿನ ಕ್ಯಾನು ಒಯ್ಯುವ ಸೈಕಲ್ ಸವಾರರು, ದೀಪವಿಲ್ಲದ ಟ್ರ್ಯಾಕ್ಟರುಗಳು ಸಂಚರಿಸುತ್ತಿರುತ್ತವೆ. ನಗರದವರ ಉಲ್ಲಾಸದ ಬೆಲೆಯನ್ನು ಅವರು ತೆರುವಂತಾಗಕೂಡದು.

ಕುಡಿಯದೆ ಗಾಡಿ ಓಡಿಸುವ ಭಾರವನ್ನು ಪ್ರತಿಸಲವೂ ಹೆಂಡತಿಯ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ. ಅವಳೂ ರುಚಿ ನೋಡಲೆಂದೇ ಬಂದವಳು. ನಾಸಿಕದ ಸುಲಾ ತೋಟದವರು ಅತಿಥಿಗಳು ರಾತ್ರಿ ತಂಗುವ ಏರ್ಪಾಡನ್ನು ಮಾಡಿಕೊಂಡಿದ್ದಾರೆ. ಒಂದು ಹಗಲಿನ ಪ್ರಯಾಣವಾದ ನಂದಿಗೆ ಅದಕ್ಕಿಂತ ಸುಲಭವಾದ ಉಪಾಯವುಂಟು. ಯಲಹಂಕದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ, ಬೆಟ್ಟದ ಬುಡದಲ್ಲಿಯೇ, ನಂದಿ ಎಂಬ ಹಳೆಯ ನಿಲ್ದಾಣವಿದೆ. ಇತ್ತ ದೊಡ್ಡಬಳ್ಳಾಪುರಕ್ಕೂ ರೈಲುಂಟು. ಈ ಎರಡು ನಿಲ್ದಾಣಗಳಿಂದ ತೋಟಗಳಿಗೆ ಸುತ್ತುಹಾಕಿ, ಸಂಜೆಯ ರೈಲಿಗೆ ತಂದುಬಿಡುವ ಬಸ್ಸೊಂದನ್ನು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಶನಿವಾರ ಭಾನುವಾರಗಳಂದು ಓಡಿಸಿದರೆ, ಬಸ್ಸು ಖಾಲಿ ಓಡೀತೆಂಬ ಭಯಕ್ಕೆ ಕಾರಣವಿಲ್ಲ. ವೈನ್ ಮಾರಾಟಕ್ಕೆ ನೀತಿಯನ್ನೂ ಮಂಡಳಿಯನ್ನೂ ಒದಗಿಸಿದ ಸರಕಾರಕ್ಕೆ ಒಂದು ಬಸ್ಸು ದೊಡ್ಡ ಮಾತಲ್ಲ. ಸಂಬಂಧಪಟ್ಟ ಸಚಿವರು ಮುಂದಿನ ಕೊಯ್ಲಿನೊಳಗೆ ಇದನ್ನು ಆಗಮಾಡಿಸಬೇಕು. ಅಲ್ಲಿಯವರೆಗೆ ಹೊರಡತಕ್ಕ ದಂಪತಿಗಳು ಬಾಡಿಗೆಗೆ ಚಾಲಕನೊಬ್ಬನನ್ನು ಗೊತ್ತುಮಾಡಿಕೊಂಡೇ ಮನೆಯಿಂದ ಹೊರಡಲಿ.