ಕಣಜ ದೊಡ್ಡದಾದರೆ ಸಾಕೇ?

ಶ್ರೀರಂಗಪಟ್ಟಣ ದಾಟಿದ ಮೇಲೆ ಪಾಂಡವಪುರದ ಕಡೆ ತಿರುಗುವ ಜಾಗವೇ ಕಿರಂಗೂರು. ದಸರಾ ಬಂದಾಗ ಇಲ್ಲಿನ ಬನ್ನಿಮಂಟಪದ ಹತ್ತಿರ ಜನಜಾತ್ರೆ. ಮಿಕ್ಕ ದಿನಗಳಲ್ಲಿ ಬಸ್ಸು ಕಾಯುವವರು, ಕಬ್ಬಿನ ಟ್ರ್ಯಾಕ್ಟರು, ಟೀ ಅಂಗಡಿ. ಕಳೆದ ತಿಂಗಳು ನಾವು ನಾಲ್ವರು ಅಲ್ಲಿ ಕೂತಿದ್ದಾಗ ಪಕ್ಕದ ಬೆಂಚಿನ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಹೆದ್ದಾರಿ ಅಗಲವಾದಾಗ ಅವರ ಜಮೀನೂ ಹೋಗಿತ್ತು. ಪರಿಹಾರದ ಹಣ ಏನಾಯಿತು ಅಂತ ಕೇಳಿದೆವು.

"ಬಂದಿದ್ದೂ ಗೊತ್ತಾಗ್ನಿಲ್ಲ, ಹೋಗಿದ್ದೂ ಗೊತ್ತಾಗ್ನಿಲ್ಲ ಕಣ್ರಪ್ಪ" ಅಂದರು. ಮನೆ ಮೇಲೊಂದು ಮನೆ, ಮಗನಿಗೆ ಕಾರು, ಮಗಳ ಮದುವೆ, ಯಾರದೋ ಮಾತು ಕೇಳಿ ಹಾಕಿದ ಚೀಟಿ. "ಜಮೀನಿದ್ದಾಗ ಸಾಲ ಇತ್ತು. ಆದ್ರೆ ನಾಳೆ ಅನ್ನೋದೂ ಇತ್ತು."

ನಮ್ಮಲ್ಲಿ ಒಬ್ಬಳು ಕ್ರೈಸ್ತ ಮನೆಯವಳು, ಉಳಿದವರು ಒಕ್ಕಲುತನದ ಮನೆಯವರು. ವಾಪಸ್ ಬರುವಾಗ ಅವಳು ಲೂಕನ ಸುವಾರ್ತೆಯ ಒಂದು ಕಥೆ ಹೇಳಿದಳು. ಒಬ್ಬ ಸಾಹುಕಾರನ ಹೊಲ ಚೆನ್ನಾಗಿ ಬೆಳೆಯಿತಂತೆ. ಹಳೇ ಕಣಜ ಕೆಡವಿ ದೊಡ್ಡ ಕಣಜ ಕಟ್ಟಿಸಿ, ಇನ್ನು ಉಂಡು ಕುಡಿದು ಸುಖವಾಗಿರೋಣ ಅಂದುಕೊಂಡನಂತೆ. ಅವತ್ತು ರಾತ್ರಿಯೇ ಅವನ ಪ್ರಾಣಕ್ಕೆ ಕರೆ ಬಂತು. ಕಣಜ ಕಟ್ಟಿದ್ದು ತಪ್ಪಲ್ಲ, ಅವನ ಲೆಕ್ಕದಲ್ಲಿ 'ನಾನು, ನನ್ನದು' ಬಿಟ್ಟು ಬೇರೆ ಯಾರೂ ಇರಲಿಲ್ಲವಲ್ಲ, ಅದು ತಪ್ಪು ಅಂತ ಅವರಜ್ಜಿ ಹೇಳುತ್ತಿದ್ದರಂತೆ. ಆ ಅಜ್ಜಿ ದಿನಾ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಬಡವರ ಪಾಲು. ಮನೆಯಲ್ಲಿ ಅಕ್ಕಿ ಕಮ್ಮಿಯಿದ್ದ ದಿನವೂ ತಪ್ಪಿಸುತ್ತಿರಲಿಲ್ಲ.

ದೇವರು ನೋಡಿಕೊಳ್ಳುತ್ತಾನೆ ಅನ್ನುವುದು ನಮ್ಮ ಊರುಗಳಲ್ಲಿ ಎಲ್ಲ ಧರ್ಮದವರೂ ಆಡುವ ಮಾತು. ಬಹಳ ಸಲ ಅದು ಲೆಕ್ಕ ಇಡದಿರುವುದಕ್ಕೆ ನೆಪ. ಇತ್ತೀಚೆಗೆ ಇದಕ್ಕೆ ಇನ್ನೊಂದು ಸೇರಿದೆ: ನೀನು ದೇವರಿಗೆ ಕೊಡು, ದೇವರು ನಿನಗೆ ದುಪ್ಪಟ್ಟು ಕೊಡುತ್ತಾನೆ ಅನ್ನುವ ಮೊಬೈಲ್ ಬೋಧನೆ. ಅದನ್ನು ನಂಬಿಕೆ ಅನ್ನಲು ನಮಗೆ ಮನಸ್ಸಿಲ್ಲ. ಆ ಹಿರಿಯರು ಹಾಕಿದ್ದ ಚೀಟಿಗೂ ಇದಕ್ಕೂ ಏನು ವ್ಯತ್ಯಾಸ?

ದೇವರನ್ನು ನಂಬಿಯೂ ಕೈಕಟ್ಟಿ ಕೂರದ ಒಬ್ಬರು ಕಿರಂಗೂರಿನಿಂದ ಹೊಳೆ ದಾಟಿದರೆ ಸಿಗುವ ಗಂಜಾಂನಲ್ಲೇ ಇದ್ದರು. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇಲ್ಲಿಗೆ ಬಂದರು. ಊರವರಂತೆಯೇ ಬಟ್ಟೆ ತೊಟ್ಟು, ಊರವರಂತೆಯೇ ಉಂಡು ಬದುಕಿದರು. ಅವರು ಕಂಡದ್ದು ಕಡುಬಡತನ. ದೇವರು ಕೊಡುತ್ತಾನೆ ಅಂತ ಹೇಳಿ ಕಳಿಸಿಬಿಡಬಹುದಿತ್ತು. ಅದರ ಬದಲು ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಹತ್ತಿರದ ಸತ್ತಿಹಳ್ಳಿ ಅವುಗಳಲ್ಲಿ ಮುಖ್ಯವಾದದ್ದು. ಸಿಡುಬನ್ನು 'ಅಮ್ಮ' ಅಂತ ಕರೆದು ಬೇವಿನ ಸೊಪ್ಪು ಕಟ್ಟುತ್ತಿದ್ದ ಕಾಲದಲ್ಲಿ ದೇವಿ ಹಾಕಿಸುವುದಕ್ಕೂ ಓಡಾಡಿದರು. 1803–04ರ ವರದಿಯಲ್ಲಿ ಲೆಕ್ಕ ಸಿಕ್ಕವರೇ 25,432 ಜನ.

ದುಬಾಯ್ ಬರೆದ ಹಿಂದೂ ಆಚಾರ ವಿಚಾರಗಳ ಪುಸ್ತಕದಲ್ಲಿ ನಮ್ಮವರ ಬಗ್ಗೆ ಬಿರುಸಾದ, ಒಪ್ಪಲಾಗದ ಮಾತುಗಳು ಬೇಕಾದಷ್ಟಿವೆ. ಅದರ ಹಸ್ತಪ್ರತಿ ಕೊಂಡದ್ದು ಈಸ್ಟ್ ಇಂಡಿಯಾ ಕಂಪನಿ, 1823ರಲ್ಲಿ ಊರಿಗೆ ಮರಳಿದವರಿಗೆ ಪಿಂಚಣಿ ಕೊಟ್ಟದ್ದೂ ಅದೇ ಕಂಪನಿ. ಅದನ್ನೆಲ್ಲ ಮರೆಯಬೇಕಿಲ್ಲ. ಆದರೆ ಹಸಿದವನಿಗೆ ಪ್ರಾರ್ಥನೆಯ ಜತೆ ಉಳುವ ನೆಲವೂ ಬೇಕು ಅಂತ ಅವರಿಗೆ ಗೊತ್ತಿತ್ತು.

ಯಜಮಾನನ ಆಸ್ತಿ ನೋಡಿಕೊಂಡು ಲೆಕ್ಕ ಒಪ್ಪಿಸುವವನಿಗೆ ಕನ್ನಡ ಬೈಬಲಿನಲ್ಲಿ 'ಮನೆವಾರ್ತೆಯವನು' ಅನ್ನುವ ಮಾತಿದೆ. ಆಸ್ತಿ ನಿನ್ನದಲ್ಲ, ದೇವರದು, ನೀನು ಮನೆವಾರ್ತೆಯವನು ಮಾತ್ರ ಅನ್ನುವುದು ಕ್ರೈಸ್ತರ ಹಣದ ಚಿಂತನೆಯ ಬೇರು. ಶರಣರ ದಾಸೋಹದಿಂದ ಇದೇನೂ ದೂರವಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಪದ. ನಮ್ಮ ಮನೆಗಳಲ್ಲಿ ಮನೆವಾರ್ತೆ ನೋಡುವವರು ಯಾರು? ರಾಗಿ ಎಷ್ಟು ದಿನಕ್ಕೆ ಬರುತ್ತದೆ, ಸಂಘದ ಕಂತು ಯಾವತ್ತು, ಯಾರ ಮನೆಗೆ ಎಷ್ಟು ಮುಯ್ಯಿ ಮಾಡಬೇಕು ಎಲ್ಲ ತಲೆಯಲ್ಲಿಟ್ಟುಕೊಂಡವರು ಅವ್ವಂದಿರು. ಬಹಳಷ್ಟು ಪಹಣಿಗಳಲ್ಲಿ ಅವರ ಹೆಸರಿಲ್ಲ. ಪರಿಹಾರದ ಹಣ ಬರುವುದು ಖಾತೆದಾರನ ಹೆಸರಿಗೆ. ಹಣ ಬಂದ ಮನೆಯಲ್ಲಿ ಮನೆವಾರ್ತೆ ಬಲ್ಲವರನ್ನು ಒಂದು ಮಾತೂ ಕೇಳದೆ ಖರ್ಚು ಮಾಡಿ, ಆಮೇಲೆ ದೇವರ ಮೇಲೆ ಭಾರ ಹಾಕುವುದನ್ನು ಭಕ್ತಿ ಅನ್ನಲಾರೆವು. ಇಂಥ ಹಣ ಗಂಡಹೆಂಡಿರ ಜಂಟಿ ಖಾತೆಗೇ ಬರಲಿ ಅನ್ನುವುದು ನಮ್ಮ ಅಭಿಪ್ರಾಯ. ಚರ್ಚು, ಮಠ, ಮಸೀದಿಯವರು ಕಾಣಿಕೆ ಕೇಳುವಷ್ಟೇ ಗಟ್ಟಿಯಾಗಿ ಇದನ್ನೂ ಹೇಳಲಿ.

ಮುಂದಿನ ವಾರ ಮತ್ತೆ ಕಿರಂಗೂರಿಗೆ ಹೋಗಿ ಆ ಹಿರಿಯರನ್ನು ಕೇಳಿದೆವು: ಹಣ ಬಂದಾಗ ಅಮ್ಮನವರು ಏನಂದರು? ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೇಳ್ಬೇಕು ಅಂತ ಹೊಳೀನೇ ಇಲ್ಲ. ಅವಳೇ ಹಟ ಹಿಡ್ದು ಎರಡು ಹಸ ಕೊಡಿಸ್ಕೊಂಡ್ಲು. ಈಗ ಮನೆ ನಡೀತಿರೋದು ಅದ್ರಲ್ಲೇ."

ಅಷ್ಟರಲ್ಲಿ ಡೇರಿಗೆ ಹೊತ್ತಾಯಿತು ಅಂತ ಹಾಲಿನ ಕ್ಯಾನು ಎತ್ತಿಕೊಂಡು ಹೊರಟರು.